ಮಟ್ಟಿಗೆ ಅಂಕಿತವಿಲ್ಲ

ಡಿ.ವಿ.ಜಿ. ಎಂಬ ಮೂರಕ್ಷರದಲ್ಲಿ ಮೊದಲಿನದು ದೇವನಹಳ್ಳಿ. ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ. ಆದರೂ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬ ಹೆಸರಿನೊಳಗೆ ಆ ಊರು ಖಾಯಂ ಆಗಿ ಕೂತುಬಿಟ್ಟಿದೆ. ಪತ್ರಿಕೆಗೆ, ಪ್ರಬಂಧಕ್ಕೆ, ರಾಜ್ಯಶಾಸ್ತ್ರಕ್ಕೆಲ್ಲ ಈ ಮೂರಕ್ಷರವೇ ಸಾಕಾಗಿತ್ತು. 1943ರಲ್ಲಿ ಕಗ್ಗ ಹೊರಬಂದಾಗ ಮಾತ್ರ ಪದ್ಯದ ತುದಿಯಲ್ಲಿ ಇನ್ನೊಬ್ಬ ಬಂದು ನಿಂತ, ಮಂಕುತಿಮ್ಮ. 945 ಪದ್ಯಗಳ ಉದ್ದಕ್ಕೂ ಅವನದೇ ಮುದ್ರೆ. ಹಾಗೆಂದು ಅವನ ಹಿಂದೆ ಗುಂಡಪ್ಪನವರು ಅಡಗಿ ಕೂರಲಿಲ್ಲ, ರಕ್ಷಾಪುಟದ ಮೇಲೆ ಅವರ ಹೆಸರು ಇದ್ದೇ ಇತ್ತು. ಏಳು ವರ್ಷದ ಮೇಲೆ ಬೇಲೂರಿನ ಮದನಿಕೆಯರನ್ನು ಕುರಿತ ‘ಅಂತಃಪುರ ಗೀತೆ’ ಬಂತು. ಅದು ಹಾಡಲೆಂದೇ ಬರೆದ ಪುಸ್ತಕ, ಹಾಡುಗಳಿಗೆ ರಾಗದ ಸೂಚನೆಯೂ ಇದೆ. ಅದನ್ನು ವೇದಿಕೆಯ ಮೇಲೆ ಕೇಳಿ ಬಂದವರನ್ನು ವಿಚಾರಿಸಿ ನೋಡಿ: ಬರೆದವರು ಡಿ.ವಿ.ಜಿ. ಎನ್ನುತ್ತಾರೆ, ಹಾಡಿದವರ ಹೆಸರೂ ಹೇಳುತ್ತಾರೆ. ಆ ಸಾಲುಗಳಿಗೆ ಸ್ವರ ಕೂಡಿಸಿದವರು ಯಾರು ಎಂದರೆ ತಡವರಿಸುತ್ತಾರೆ.

ಸಂಗೀತ ಕಟ್ಟುವವರು ಇಟ್ಟುಕೊಂಡ, ಅವರಿಗೆ ಇಟ್ಟ, ಅವರಿಂದ ಕಿತ್ತುಕೊಂಡ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ತಡವರಿಕೆ ಮತ್ತೆ ಮತ್ತೆ ಎದುರಾಗುತ್ತದೆ. ಮರೆಹೆಸರಿಗೆ ನಾವು ಸಾಮಾನ್ಯವಾಗಿ ಕೊಡುವ ಕಾರಣಗಳು ವಿನಯ, ಭಕ್ತಿ, ಹೆದರಿಕೆ, ಶೋಕಿ. ನನ್ನ ಮಟ್ಟಿಗೆ ಇವೆಲ್ಲ ಎರಡನೆಯ ಸಾಲಿನ ಕಾರಣಗಳು. ಹೆಸರು ಬರೆಯುವ ಜಾಗ ಎಲ್ಲಿದೆ, ಆ ಜಾಗ ಯಾರ ಕೈಯಲ್ಲಿದೆ ಎನ್ನುವುದೇ ಮೊದಲನೆಯದು. ಪದ್ಯಕ್ಕೆ ಕೊನೆಯ ಸಾಲು ಅಂತ ಒಂದಿದೆ, ಅಲ್ಲಿ ರುಜು ಹಾಕಬಹುದು. ಮಟ್ಟಿಗೆ, ಅಂದರೆ ಹಾಡಿನ ಧಾಟಿಗೆ, ಅಂಥ ಜಾಗ ಇಲ್ಲ.

ಇದು ಅತಿ ಸ್ಪಷ್ಟವಾಗಿ ಕಾಣುವುದು ನಮ್ಮಿಂದ ಬಹುದೂರದ ಜಪಾನಿನಲ್ಲಿ, ವಿಡಿಯೊ ಗೇಮ್ ಕಂಪನಿಗಳಲ್ಲಿ. 1980ರ ದಶಕದಲ್ಲಿ ಅಲ್ಲಿನ ದೊಡ್ಡ ಕಂಪನಿಗಳು ತಮ್ಮ ನೌಕರರ ನಿಜನಾಮವನ್ನು ಆಟದ ಕೊನೆಯ ಪಟ್ಟಿಯಲ್ಲಿ ಹಾಕಲು ಒಪ್ಪುತ್ತಿರಲಿಲ್ಲ. ಹೆಸರು ಗೊತ್ತಾದರೆ ಎದುರಾಳಿ ಕಂಪನಿ ಹೆಚ್ಚು ಸಂಬಳದ ಆಸೆ ತೋರಿಸಿ ಕರೆದುಕೊಂಡು ಹೋದೀತು ಎಂಬ ಭಯ. ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ಹೊರತಂದ ‘ಮೆಗಾ ಮ್ಯಾನ್’ ಆಟಕ್ಕೆ ಸಂಗೀತ ಮಾಡಿದ ಮನಾಮಿ ಮತ್ಸುಮಾಯೆ ಅದರಲ್ಲಿ ಕಾಣಿಸಿಕೊಂಡದ್ದು ‘ಚಂಚಕೋರಿನ್ ಮನಾಮಿ’ ಎಂದು. 1991ರ ‘ಸ್ಟ್ರೀಟ್ ಫೈಟರ್ 2’ ಆಟದ ಸಂಗೀತದ ಬಹುಪಾಲು ಯೋಕೊ ಶಿಮೊಮುರಾ ಅವರದು. ಮುಂದೆ ಲೋಕಪ್ರಸಿದ್ಧರಾದ ಆಕೆ ಅಲ್ಲಿ ಬರೀ ‘ಶಿಮೊ-ಪಿ’. ಕೊನಾಮಿ ಕಂಪನಿಯ ಸಂಗೀತಗಾರರೆಲ್ಲ ‘ಕುಕೇಹಾ ಕ್ಲಬ್’ ಎಂಬ ಒಂದೇ ಕೊಡೆಯ ಕೆಳಗೆ ನಿಂತರು. ಅಡ್ಡಹೆಸರುಗಳು ತಮಾಷೆಯಾಗಿ ಕೇಳಿಸುತ್ತವೆ. ಆದರೆ ಅದೆಲ್ಲ ಕಂಪನಿಯ ಬೀಗದೊಳಗಿನ ತಮಾಷೆ.

ಇದರ ಮುಂದಿನ ಅಧ್ಯಾಯ ಇನ್ನೂ ವಿಚಿತ್ರ. 1998ರಲ್ಲಿ ಕೊನಾಮಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಶನ್’ ತಂದಿತು. ಪರದೆಯ ಮೇಲಿನ ಬಾಣಗಳಿಗೆ ಸರಿಯಾಗಿ ಕಾಲಿಡುವ ಕುಣಿತದ ಆಟ ಅದು. ಅದರ ಮುಖ್ಯ ಸಂಯೋಜಕ ನವೋಕಿ ಮಯೆದಾ. ‘ಪ್ಯಾರನಾಯಾ’ ಎಂಬ ಹಾಡಿನ ಕೆಳಗೆ ಕಲಾವಿದನ ಹೆಸರಿನ ಜಾಗದಲ್ಲಿ ಇದ್ದದ್ದು ‘180’. ಅದು ಹಾಡಿನ ಲಯ, ನಿಮಿಷಕ್ಕೆ 180 ಪೆಟ್ಟು. ಅದೇ ಹಾಡಿನ ಮುಂದಿನ ಅವತಾರಗಳು ವೇಗವಾದಂತೆ ಅವನ ಹೆಸರೂ 190, 200, 270, 290 ಎಂದು ಏರುತ್ತ ಹೋಯಿತು. ಬೇರೆ ಶೈಲಿಯ ಹಾಡುಗಳಿಗೆ ಬೇರೆ ಬೇರೆ ಹೆಸರುಗಳು. ಈ ಹೊತ್ತಿಗೆ ಯಾರೂ ಅವನನ್ನು ಬಚ್ಚಿಡುತ್ತಿರಲಿಲ್ಲ. ಬಚ್ಚಿಡುವ ಅಭ್ಯಾಸ ಹೋಗಿ ಆಟವಾಗಿ ಉಳಿದಿತ್ತು. ಜೊತೆಗೆ ಒಂದು ವ್ಯಾಪಾರದ ಅನುಕೂಲವೂ ಇತ್ತು ಅನ್ನಿಸುತ್ತದೆ: ಒಬ್ಬನೇ ಹತ್ತು ಹೆಸರಿನಲ್ಲಿ ಹಾಡು ಕಟ್ಟಿದರೆ ಯಂತ್ರದೊಳಗೆ ಹತ್ತು ಮಂದಿ ಕಲಾವಿದರು ಇದ್ದ ಹಾಗೆ ಕಾಣುತ್ತದೆ. 2013ರಲ್ಲಿ ಮಯೆದಾ ಕೊನಾಮಿ ಬಿಟ್ಟು ಕ್ಯಾಪ್‌ಕಾಮ್ ಸೇರಿದ. ಕಂಪನಿಗಳು ಹೆದರಿದ್ದು ಯಾವುದಕ್ಕೋ ಅದೇ ಆಯಿತು.

ಈಗ ಮನೆಗೆ ಬರೋಣ. ಕನ್ನಡದಲ್ಲಿ ಹಾಡಿನ ಕೊನೆಗೆ ಸ್ವಂತದ್ದಲ್ಲದ ಹೆಸರು ಹಾಕುವುದು ಶತಮಾನಗಳ ಪದ್ಧತಿ. ಶರಣರಿಂದ ದಾಸರವರೆಗೆ, ದಾಸರಿಂದ ತತ್ವಪದದವರವರೆಗೆ ಎಲ್ಲರೂ ದೇವರ ಹೆಸರಿನಲ್ಲಿ ರುಜು ಹಾಕಿದರು. ಪುರಂದರದಾಸರಿಗೆ ಅಂಕಿತ ಕೊಟ್ಟವರು ವ್ಯಾಸರಾಯರು. ಕನಕದಾಸರ ಅಂಕಿತದೊಳಗೆ ಕಾಗಿನೆಲೆ ಇದೆ, ಗಿರಿಯಮ್ಮನ ಅಂಕಿತದೊಳಗೆ ಹೆಳವನಕಟ್ಟೆ. ಹೆಸರು ದೇವರದು, ವಿಳಾಸ ಮಾತ್ರ ತಮ್ಮದು ಎನ್ನುವ ಈ ಏರ್ಪಾಟು ಬಹಳ ಜಾಣತನದ್ದು. ಹೊಸಕೋಟೆ ದಾಟಿ ಚಿಂತಾಮಣಿ ಕಡೆಗೆ ಹೋದರೆ ಕೈವಾರ. ಅಲ್ಲಿನ ನಾರೇಯಣ ತಾತಯ್ಯ ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿ ಊರ ದೇವರು ಅಮರನಾರೇಯಣನ ಹೆಸರಲ್ಲಿ ಮುಗಿಸಿದರು. ಎರಡೂ ಭಾಷೆ ಆಡುವ ಈ ಸೀಮೆಯ ಭಜನೆ ಮಂಡಲಿಗಳಲ್ಲಿ ಆ ಪದಗಳು ಇಂದಿಗೂ ನಡೆಯುತ್ತವೆ.

ಅಂಕಿತವನ್ನು ನಾವು ‘ತಾನು ಎಂಬುದನ್ನು ಅಳಿಸಿಕೊಳ್ಳುವ ವಿನಯ’ ಎಂದು ವರ್ಣಿಸುತ್ತ ಬಂದಿದ್ದೇವೆ. ಅದು ಅರ್ಧ ಸತ್ಯ. ಅಂಕಿತ ಅಳಿಸುವುದಕ್ಕಿಂತ ಹೆಚ್ಚಾಗಿ ಉಳಿಸುತ್ತದೆ. ಒಂದು ಹಾಡನ್ನು ಹರಪನಹಳ್ಳಿ ಭೀಮವ್ವ ಬರೆದಳು ಎಂದು ನಮಗೆ ಖಚಿತವಾಗಿ ಗೊತ್ತಾಗುವುದು ‘ಭೀಮೇಶಕೃಷ್ಣ’ ಎಂಬ ಮುದ್ರೆಯಿಂದಲೇ. ಅಚ್ಚು ಇಲ್ಲದ, ಕಾಯಿದೆ ಇಲ್ಲದ ಕಾಲದಲ್ಲಿ ಪ್ರಾಸಕ್ಕೂ ಲಯಕ್ಕೂ ಹೊಂದಿಸಿ ಹೆಣೆದ ಹೆಸರನ್ನು ಕೀಳುವುದು ಸುಲಭವಲ್ಲ. ಕಿತ್ತರೆ ಹಾಡಿಗೇ ಗಾಯವಾಗುತ್ತದೆ. ಎಷ್ಟು ದೊಡ್ಡ ಗಾಯ ಎಂಬುದನ್ನು ನಮ್ಮ ಕಾಲವೇ ನೋಡಿದೆ. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಎಂಟುನೂರು ವರ್ಷ ಹಳೆಯ ಮುದ್ರೆಯೊಂದು ದೆಹಲಿಯ ನ್ಯಾಯಾಲಯದವರೆಗೆ ಹೋಗಿ ಗೆದ್ದು ಬಂತು.

ಆದರೆ ಅದು ಮಾತಿನ ಗೆಲುವು. ದಾಸರ ಪದಗಳು ಉಳಿದವು, ಅವರು ಹಾಡಿದ ಧಾಟಿಗಳಲ್ಲಿ ಬಹುಪಾಲು ಉಳಿಯಲಿಲ್ಲ. ಇವತ್ತು ಕಛೇರಿಯ ಕೊನೆಯಲ್ಲಿ ಕೇಳುವ ಎಷ್ಟೋ ದೇವರನಾಮಗಳ ರಾಗ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಕೂರಿಸಿದ್ದು. ಕರ್ನಾಟಕ ಸಂಗೀತದ ಪಿತಾಮಹ ಎಂದು ಕರೆಯಿಸಿಕೊಂಡವರ ಹಾಡನ್ನು ಕೇಳುವಾಗ ಅವರ ಸಂಗೀತವನ್ನೇ ನಾವು ಕೇಳುತ್ತಿರುವುದಿಲ್ಲ. ಯಾರೋ ಹೆಸರಿಲ್ಲದವರದನ್ನು ಪುರಂದರ ವಿಠಲನ ಖಾತೆಗೆ ಜಮಾ ಮಾಡಿ ಕೇಳುತ್ತೇವೆ. ಇದು ಯಾರಿಗೂ ದೊಡ್ಡ ಅನ್ಯಾಯವಾಗಿ ಕಾಣುವುದಿಲ್ಲ ಎನ್ನುವುದೇ ನನಗೆ ಕುತೂಹಲದ ಸಂಗತಿ.

ಮೈಸೂರು ಆಸ್ಥಾನಕ್ಕೆ ಬಂದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಹಾಡಿನ ಮಾತು, ಅದರ ಸ್ವರವಾದ ಧಾತು ಎರಡನ್ನೂ ಕಟ್ಟುವ ವಾಗ್ಗೇಯಕಾರರು. ವಾಸುದೇವಾಚಾರ್ಯರು ‘ವಾಸುದೇವ’ ಎಂದು ಮುಗಿಸಿ ದೇವರಿಗೂ ತಮಗೂ ಒಂದೇ ಹೆಸರಲ್ಲಿ ಸಲ್ಲುವಂತೆ ಮಾಡಿಕೊಂಡರು. ಜಯಚಾಮರಾಜೇಂದ್ರ ಒಡೆಯರು ತಮ್ಮ 94 ಕೃತಿಗಳಲ್ಲಿ ‘ಶ್ರೀವಿದ್ಯಾ’ ಮುದ್ರೆ ಇಟ್ಟರು. ಮಹಾರಾಜರಿಗೆ ಹೆಸರಿನ ಬಡತನವೇನೂ ಇರಲಿಲ್ಲ, ಅದು ಉಪಾಸಕನ ಹೆಸರು. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರದು ನನ್ನ ವಾದಕ್ಕೇ ಎದುರು ನಿಲ್ಲುವ ಉದಾಹರಣೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಅವರು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ಕಟ್ಟಿದರು. ತಮಿಳುನಾಡಿನಿಂದ ಬಂದ ಅವರಿಗೆ ಸಾಹಿತ್ಯದಲ್ಲಿ ಒದಗಿದವರು ದೇವೋತ್ತಮ ಜೋಯಿಸರು ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಆದರೆ ಹಾಡಿನ ತುದಿಯಲ್ಲಿರುವುದು ‘ಹರಿಕೇಶ’. ಇಲ್ಲಿ ಮಟ್ಟಿನವನ ರುಜು ಬಿದ್ದು ಮಾತಿನವರು ಮರೆಯಾದರು. ಅಂಥ ಉದಾಹರಣೆ ಹುಡುಕಿದರೆ ಕೈಬೆರಳಲ್ಲಿ ಎಣಿಸುವಷ್ಟು.

ಮೈಸೂರಿನಲ್ಲೇ 1930ರ ಜನವರಿಯಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್ ಇನ್ನೊಂದು ದಾರಿ ತೋರಿಸಿದವಳು. ಹುಟ್ಟಿನ ಹೆಸರು ಏಂಜಲಿನಾ ಯೊವರ್ಡ್. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮೊಫೋನಿಗೆ ಹಾಡಿದಾಗ ಪ್ರತಿ ಹಾಡಿನ ಕೊನೆಗೂ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳಿದಳು. ಅದು ಅಹಂಕಾರವಲ್ಲ. ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೊವರ್‌ಗೆ ಹೋಗಿ ಅಚ್ಚಾಗಬೇಕಿತ್ತು, ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದು ಎಂದು ತಿಳಿಯಬೇಕಿತ್ತು. ಯಂತ್ರದ ಅಗತ್ಯಕ್ಕೆ ಹುಟ್ಟಿದ ಆ ಕೂಗು ಅವಳ ಅಂಕಿತವಾಯಿತು, ಜಪಾನಿನವನ 180 ಇದ್ದ ಹಾಗೆ. ಅದೂ ಹಾಡಿದವಳ ಹೆಸರು. ಬಂದಿಶ್ ಕಟ್ಟಿದವರದು ತಟ್ಟೆಯಲ್ಲಿ ಇರಲಿಲ್ಲ.

ಹೆಸರು ಸಿಗದ ಮಟ್ಟುಗಾರರ ದೊಡ್ಡ ಪಡೆ ಇರುವುದು ಬೆಂಗಳೂರು ಗ್ರಾಮಾಂತರದಂಥ ಕಡೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ, ಪರಿಷೆ ಬಂತೆಂದರೆ ಪೌರಾಣಿಕ ನಾಟಕ. ಹೆಚ್ಚಾಗಿ ಕುರುಕ್ಷೇತ್ರ. ಊರಿನವರೇ ಪಾತ್ರಕ್ಕೆ ದುಡ್ಡು ಹಾಕಿ ಬಣ್ಣ ಹಚ್ಚುತ್ತಾರೆ. ಕೃಷ್ಣ, ದುರ್ಯೋಧನರಂಥ ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಅದಕ್ಕೆ ಮುಂಚೆ ವಾರಗಟ್ಟಲೆ ರಾತ್ರಿ ಅಭ್ಯಾಸ ನಡೆಯುತ್ತದೆ. ನಡೆಸುವವರು ಹಾರ್ಮೋನಿಯಂ ಮೇಷ್ಟ್ರು.

ಮೇಷ್ಟ್ರ ಕೆಲಸ ನುಡಿಸುವುದಷ್ಟೇ ಎಂದು ತಿಳಿದವರು ಅಭ್ಯಾಸ ನೋಡಿಲ್ಲ. ಹಗಲು ಹೊಲ ಉತ್ತು, ಹಾಲು ಡೇರಿಗೆ ಹಾಕಿ, ಇಲ್ಲವೇ ಮಗ್ಗದ ಮುಂದೆ ಕೂತು ರಾತ್ರಿ ಬಂದ ಧರ್ಮರಾಯನ ಗಂಟಲು ಯಾವ ಶ್ರುತಿಗೆ ಏರುತ್ತದೆ ಎಂದು ಅವರು ಮೊದಲು ತೂಗುತ್ತಾರೆ. ಅದಕ್ಕೆ ತಕ್ಕ ಹಾಗೆ ಹಾಡು ಇಳಿಸುತ್ತಾರೆ, ಕಂದಪದ್ಯದ ಎಳೆತ ಕಡಿಮೆ ಮಾಡುತ್ತಾರೆ, ಹಳೆಯ ಕಂಪನಿ ನಾಟಕದ ಮಟ್ಟಿಗೆ ತಮ್ಮದೇ ಒಂದು ತಿರುವು ಸೇರಿಸುತ್ತಾರೆ. ಹೊಸ ಸಿನಿಮಾ ಹಾಡಿನ ಒಂದು ತುಂಡು ದ್ರೌಪದಿಯ ಬಾಯಲ್ಲಿ ಕೇಳಿದರೂ ಆಶ್ಚರ್ಯವಿಲ್ಲ. ಈ ಮಟ್ಟುಗಳ ಬೇರು 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ವೃತ್ತಿ ಮಂಡಳಿಗಳಲ್ಲಿದೆ. ಅಲ್ಲಿಂದ ಹಳ್ಳಿಗೆ ಇಳಿಯುವಾಗ ಒಬ್ಬೊಬ್ಬ ಮೇಷ್ಟ್ರ ಕೈಯಲ್ಲಿ ಒಂದೊಂದು ರೂಪ. ನಾಟಕದ ಕರಪತ್ರ ತೆಗೆದು ನೋಡಿ: ಉದ್ಘಾಟಕರು, ಮುಖ್ಯ ಅತಿಥಿಗಳು, ಪಾತ್ರಧಾರಿಗಳು, ಸೀನರಿಯವರು, ಧ್ವನಿವರ್ಧಕದವರು, ಎಲ್ಲರೂ ಇರುತ್ತಾರೆ. ಮೇಷ್ಟ್ರೂ ಇರುತ್ತಾರೆ, ನಿರ್ದೇಶಕರಾಗಿ ಇಲ್ಲವೇ ಹಾರ್ಮೋನಿಯಂ ವಾದಕರಾಗಿ. ಮಟ್ಟು ಕಟ್ಟಿದವರು ಎಂಬ ಕಲಮು ಮಾತ್ರ ಆ ಕಾಗದದಲ್ಲಿ ಇಲ್ಲ. ಯಾರೂ ಮುಚ್ಚಿಡುತ್ತಿಲ್ಲ. ಅಂಥದ್ದೊಂದು ಕಲಮು ಇರಬೇಕು ಎಂದು ಯಾರಿಗೂ ಹೊಳೆದಿಲ್ಲ.

ಸಿನಿಮಾದಲ್ಲಿ ಕಲಮು ಇದೆ, ದೊಡ್ಡಕ್ಷರದಲ್ಲೇ ಇದೆ. ಆದ್ದರಿಂದಲೇ ಅಲ್ಲಿನ ಬದಲಿ ಹೆಸರುಗಳ ಸ್ವಭಾವ ಬೇರೆ. ಅವು ಮರೆಗಾಗಿ ಇಟ್ಟವಲ್ಲ, ಮೆರೆಯಲು ಇಟ್ಟವು. ಗಂಗರಾಜು ಎಂಬ ಹುಡುಗ ಸ್ವಾನ್ ಹೆಸರಿನ ಪೆನ್ನು ಹಿಡಿದದ್ದರಿಂದ ಗುರುಗಳ ಬಾಯಲ್ಲಿ ಹಂಸಲೇಖನಿಯಾಗಿ, ಕೊನೆಗೆ ಹಂಸಲೇಖ ಆದ ಎಂಬ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದು, ಅವರು ಬರಹಗಾರರಾಗಿ ಬಂದು ಸ್ವರವನ್ನೂ ತಮ್ಮ ಕೈಗೆ ತೆಗೆದುಕೊಂಡದ್ದು. 1987ರ ‘ಪ್ರೇಮಲೋಕ’ದಿಂದಾಚೆ ಸಾಹಿತ್ಯ, ಸಂಗೀತ ಎರಡೂ ಒಂದೇ ಹೆಸರಿನಲ್ಲಿ ಬರತೊಡಗಿದವು. ಪೆನ್ನಿನ ಹೆಸರು ರಾಗಕ್ಕೂ ಅಂಟಿಕೊಂಡಿತು. ವಾಗ್ಗೇಯಕಾರರ ಹಳೆಯ ಏರ್ಪಾಟು ಕ್ಯಾಸೆಟ್ಟಿನ ರಕ್ಷಾಪುಟದ ಮೇಲೆ ಮರಳಿ ಬಂದ ಹಾಗಾಯಿತು. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ರಾಷ್ಟ್ರಪ್ರಶಸ್ತಿ ಬಂದಾಗ ಗಂಗರಾಜು ಯಾರೆಂದು ಕೇಳಿದವರಿಲ್ಲ.

ಉಳಿದವರದು ಚಿಕ್ಕ ಕಥೆಗಳು. ಸಾಧು ಕೋಕಿಲ, ಅರ್ಜುನ್ ಜನ್ಯ ಇಬ್ಬರದೂ ಹೆತ್ತವರು ಇಟ್ಟ ಹೆಸರಲ್ಲ. ಕೆ.ಜಿ.ಎಫ್. ಸಂಗೀತದ ರವಿ ಬಸ್ರೂರು ಮೂಲತಃ ಕಿರಣ್. ಕುಂದಾಪುರದ ಕಡೆಯ ಊರನ್ನು ಹೆಸರಿಗೆ ಸೇರಿಸಿಕೊಂಡದ್ದು ಕಾಗಿನೆಲೆ, ಹೆಳವನಕಟ್ಟೆಯವರ ದಾರಿಯೇ. ಹೆಸರು ಬೆಳಗಿದವರ ಪಟ್ಟಿ ಇಷ್ಟು. ಬೆಳಗದವರು ಸ್ಟುಡಿಯೊದ ಒಳಗಿದ್ದರು. ಜಿ.ಕೆ. ವೆಂಕಟೇಶ್ ಅವರ ಕನ್ನಡ ಚಿತ್ರಗಳಲ್ಲಿ ಸಹಾಯಕರಾಗಿ ದುಡಿದ ತಮಿಳು ಹುಡುಗ 1976ರಲ್ಲಿ ತನ್ನದೇ ಚಿತ್ರ ಸಿಕ್ಕಾಗ ಇಳಯರಾಜ ಆದ. ವಿಜಯಭಾಸ್ಕರ್, ಹಂಸಲೇಖ ಮೊದಲಾದವರಿಗೆ ಕೀಬೋರ್ಡ್ ನುಡಿಸುತ್ತಿದ್ದ ದಿಲೀಪ್ ಕುಮಾರ್ ಮುಂದೆ ಎ.ಆರ್. ರೆಹಮಾನ್. ಈ ಇಬ್ಬರ ಹಿಂದಿನ ಬದುಕನ್ನು ನಾವು ಅಗೆದು ತೆಗೆದದ್ದು ಅವರು ಮೇಲೆ ಬಂದದ್ದರಿಂದ. ಮೇಲೆ ಬರದ ಅರೇಂಜರುಗಳು, ವಾದಕರು, ಪಲ್ಲವಿ ಚರಣದ ನಡುವಿನ ತುಂಡುಗಳನ್ನು ನಿಂತ ನಿಲುವಿನಲ್ಲಿ ಹೊಸೆದು ಕೊಟ್ಟವರು, ಇವರಿಗೆ ಯಾವ ಹೆಸರೂ ದಕ್ಕಲಿಲ್ಲ. ಜಾಹೀರಾತಿನ ಸಂಗೀತದಲ್ಲಂತೂ ಹೆಸರು ಹಾಕುವ ಪದ್ಧತಿಯೇ ಇಲ್ಲ. ಬೆಂಗಳೂರಿನ ರಿಕ್ಕಿ ಕೇಜ್ 2015ರಲ್ಲಿ ಗ್ರ್ಯಾಮಿ ಗೆಲ್ಲುವ ಮುಂಚೆ ಸಾವಿರಗಟ್ಟಲೆ ಜಿಂಗಲ್ ಮಾಡಿದ್ದರು. ಅವರ ಮಟ್ಟು ಮನೆಮನೆಯಲ್ಲಿ ಮೊಳಗಿತು, ಅವರು ಯಾರೆಂದು ಮನೆಯವರಿಗೆ ಗೊತ್ತಿರಲಿಲ್ಲ.

ಆಕಾಶವಾಣಿಗೆ ಇಲ್ಲಿ ಒಂದು ಕೃತಜ್ಞತೆ ಸಲ್ಲಬೇಕು. ಸುಗಮ ಸಂಗೀತದ ಹಾಡಿಗೆ ಕವಿಯ ಹೆಸರಿನ ಪಕ್ಕದಲ್ಲೇ ರಾಗ ಸಂಯೋಜಕರ ಹೆಸರನ್ನೂ ಓದಿ ಕೇಳುಗರ ಕಿವಿಗೆ ಅದನ್ನು ರೂಢಿ ಮಾಡಿಸಿದ್ದು ರೇಡಿಯೊ. ಪದ್ಮಚರಣ್ ಎಂಬ ಹೆಸರು, ಎ.ವಿ. ಕೃಷ್ಣಮಾಚಾರ್ಯರದು, ನಾಡಿಗೆ ಪರಿಚಯವಾದದ್ದು ಹಾಗೆ. ಆ ರೂಢಿ ಎಷ್ಟು ಗಟ್ಟಿಯಾಯಿತೆಂದರೆ ಮಟ್ಟಿಗಾಗಿ ಜನ ಕೋರ್ಟಿಗೆ ಹೋಗುವ ಕಾಲ ಬಂತು. ಕುವೆಂಪು ಬರೆದ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಿತು. ಸಿ. ಅಶ್ವಥ್ ಅವರ ಧಾಟಿಯ ಪರವಾಗಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟ್ ಮೆಟ್ಟಿಲೇರಿದರು. 2024ರಲ್ಲಿ ಅರ್ಜಿ ವಜಾ ಆಯಿತು. ಇಬ್ಬರು ಸಂಯೋಜಕರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಯಾರ ಧಾಟಿ ಮೇಲು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಒಂದು ರಾಗ ಸಂಯೋಜನೆಯನ್ನು ಅದರ ಕರ್ತೃವಿನ ಹೆಸರಿನಿಂದ ಕರೆದು ಸರ್ಕಾರಿ ಆದೇಶ ಹೊರಟದ್ದು ನಮ್ಮ ಮಟ್ಟುಗಾರರ ಚರಿತ್ರೆಯಲ್ಲಿ ದೊಡ್ಡ ಸಂಗತಿ. ಶಾಲೆಯಲ್ಲಿ ನಾಡಗೀತೆ ಹಾಡುವ ಮಕ್ಕಳಿಗೆ ಕುವೆಂಪು ಜೊತೆಗೆ ಇನ್ನೊಂದು ಹೆಸರೂ ತಿಳಿಯಬಹುದು.

ಹೊಸ ತಲೆಮಾರಿನವರು ಈ ಜಂಜಾಟವನ್ನೇ ದಾಟಿದ ಹಾಗಿದೆ. ಬೆಂಗಳೂರಿನ ರ್‍ಯಾಪ್ ಗಾಯಕರಲ್ಲಿ ಅಲೋಕ್ ‘ಆಲ್ ಓಕೆ’ ಆದರು, ವಿಘ್ನೇಶ್ ಶಿವಾನಂದ್ ‘ಬ್ರೋಧ ವಿ’ ಆದರು. ಸ್ವಂತ ಹೆಸರನ್ನು ಮುರಿದು ಕಟ್ಟಿಕೊಂಡ ಹೆಸರುಗಳು ಇವು. ಸಾಲಿನ ನಡುವೆ ತಮ್ಮ ಹೆಸರು ತಾವೇ ಕೂಗುವುದೂ ರ್‍ಯಾಪಿನ ಚಾಳಿ. ಗೌಹರ್ ಜಾನ್ ಕೇಳಿದ್ದರೆ ನಗುತ್ತಿದ್ದಳು. ಇದೇ ಊರಿನಲ್ಲಿ 1997ರಲ್ಲಿ ಶುರುವಾಗಿ ವಿಡಿಯೊ ಗೇಮ್ ಕೆಲಸ ಮಾಡಿದ ಧ್ರುವ ಇಂಟರ್ಯಾಕ್ಟಿವ್ ಥರದ ಸಂಸ್ಥೆಗಳ ಕಲಾವಿದರು ಹೊರದೇಶದ ಆಟಗಳಿಗೆ ಚಿತ್ರ ಬರೆದುಕೊಟ್ಟವರು. ಗುತ್ತಿಗೆ ಕೆಲಸದಲ್ಲಿ ಯಾರ ಹೆಸರು ಪರದೆಗೆ ಬರಬೇಕು ಎಂದು ತೀರ್ಮಾನಿಸುವುದು ದುಡ್ಡು ಕೊಡುವವರು. 1987ರ ಜಪಾನು ಪೂರ್ತಿ ಮುಗಿದುಹೋಗಿಲ್ಲ.

ಕೊನೆಗೆ ಕಾಯಿದೆ. ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದು. ಅನಾಮಿಕ ಅಥವಾ ಮರೆಹೆಸರಿನ ಕೃತಿಗೆ ಅದು ಪ್ರಕಟವಾದ ಮೇಲೆ 60 ವರ್ಷದ ರಕ್ಷಣೆ ಕೊಡುತ್ತದೆ. ಆ ಅವಧಿಯೊಳಗೆ ಕರ್ತೃ ಯಾರೆಂದು ಬಹಿರಂಗವಾದರೆ ಲೆಕ್ಕ ಅವನ ಸಾವಿನಿಂದ ಶುರು. ಹಕ್ಕು ಮಾರಿಕೊಂಡ ಮೇಲೂ ಇದು ನನ್ನದು ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ 1994ರ ತಿದ್ದುಪಡಿ ಬರುವವರೆಗೆ ಆ ಕಾಯಿದೆಯ ಪ್ರಕಾರ ಸಂಗೀತ ಕೃತಿ ಎಂದರೆ ಕಾಗದದ ಮೇಲೆ ಬರೆದ ಅಥವಾ ಅಚ್ಚಾದ ಸಂಗೀತ ಮಾತ್ರ. ಕಿವಿಯಿಂದ ಕಿವಿಗೆ ಹೋದದ್ದು ಕೃತಿಯೇ ಅಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ಸಿನಿಮಾಕ್ಕೆಂದು ಹಣ ಪಡೆದು ಮಾಡಿಕೊಟ್ಟ ಸಂಗೀತದ ಹಕ್ಕು ನಿರ್ಮಾಪಕರಿಗೆ ಎಂದಿತು. ಸಂಯೋಜಕರಿಗೆ ಬಿಟ್ಟುಕೊಡಲಾಗದ ರಾಯಲ್ಟಿ ಸಿಕ್ಕಿದ್ದು 2012ರ ತಿದ್ದುಪಡಿಯಲ್ಲಿ.

ಈಗ ರಾಯಲ್ಟಿ ಹಂಚುವ ಸಂಘಗಳ ಅಂತರರಾಷ್ಟ್ರೀಯ ದಾಖಲೆಯಲ್ಲಿ ಒಬ್ಬ ಸಂಯೋಜಕನ ಪ್ರತಿಯೊಂದು ಹೆಸರಿಗೂ ಬೇರೆ ಬೇರೆ ಸಂಖ್ಯೆ ಇದೆ, ಅವೆಲ್ಲವನ್ನೂ ಒಬ್ಬನೇ ವ್ಯಕ್ತಿಗೆ ಕಟ್ಟುವ ಮೂಲ ಸಂಖ್ಯೆಯೂ ಇದೆ. 180 ಎಂದೇ ಬರೆಯಲಿ 290 ಎಂದೇ ಬರೆಯಲಿ, ದುಡ್ಡು ಒಂದೇ ಮನೆಗೆ ಹೋಗಲಿ ಎಂಬ ಏರ್ಪಾಟು. ದೊಡ್ಡಬಳ್ಳಾಪುರದ ಕಡೆಯ ಹಾರ್ಮೋನಿಯಂ ಮೇಷ್ಟ್ರು ಆ ದಾಖಲೆಯ ಹತ್ತಿರಕ್ಕೂ ಹೋದವರಲ್ಲ. ಅವರ ಸಂಭಾವನೆ ಅಭ್ಯಾಸಕ್ಕೆ, ನಾಟಕದ ರಾತ್ರಿಗೆ. ಮಟ್ಟಿಗೆಂದು ಬೇರೆ ಲೆಕ್ಕವಿಲ್ಲ. ಈಗ ಊರ ಹುಡುಗರು ನಾಟಕವನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾರೆ, ಪಾತ್ರಧಾರಿಗಳ ಹೆಸರನ್ನೆಲ್ಲ ವಿಡಿಯೊ ಕೆಳಗೆ ಬರೆಯುತ್ತಾರೆ. 1994ರ ಆಚೆಗೆ ಆ ಮಟ್ಟು ಕಾಯಿದೆಯ ಕಣ್ಣಿನಲ್ಲೂ ಕೃತಿಯೇ. ಅದರ ಕರ್ತೃವಿನ ಹೆಸರು ಬರೆಯಲು ಅಲ್ಲಿ ಬೇಕಾದಷ್ಟು ಜಾಗವಿದೆ. ಇವತ್ತಿನವರೆಗೆ ಬರೆದವರು ಕಡಿಮೆ.